ಮನಿ ಸಾಲಿಯ ಹೆಡ್ ಮಾಸ್ತರ

ನಮ್ಮೂರ ಹೆಸರು ಕೇಳಿದವರ ಮುಖದಲ್ಲಿ ಗೌರವ ಮೂಡಿದಷ್ಟೇ ಬೇಗ ಇಳಿಯುತ್ತದೆ. ‘ಹುಬ್ಬಳ್ಳಿ’ ಅಂದಾಗ ಮೂಡುತ್ತದೆ, ‘ಎಂ.ಕೆ.’ ಅಂತ ಸೇರಿಸಿದಾಗ ಇಳಿಯುತ್ತದೆ. ಬೆಳಗಾವಿಗೂ ಧಾರವಾಡಕ್ಕೂ ನಡುವೆ, ಮಲಪ್ರಭೆಯ ದಂಡೆಗಿರುವ ಊರು. ಕಂಡಕ್ಟರ್ “ಎಂಕೆ, ಎಂಕೆ” ಅಂತ ಕೂಗುವಾಗ ಬ್ಯಾಗು ಹೊತ್ತುಕೊಂಡು ಏಳದಿದ್ದರೆ ಕಿತ್ತೂರಿನಲ್ಲಿ ಇಳಿಯಬೇಕಾಗುತ್ತದೆ. ಕಿತ್ತೂರು ಕ್ರಾಂತಿಯ ಊರು. 1824ರ ಅಕ್ಟೋಬರ್ 23ಕ್ಕೆ ಅಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸಾಹೇಬ ಗುಂಡಿಗೆ ಬಲಿಯಾದ. ಅದಾಗಿ ಇನ್ನೂರು ವರ್ಷದ ಮೇಲೆ ಈ ಭಾಗದಲ್ಲಿ ಮತ್ತೊಂದು ಕ್ರಾಂತಿ ಬಾಕಿ ಇತ್ತು. ಅದನ್ನು ನಾನು ಮಾಡಿದೆ. ಮೂರೂ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂಡಿಸಿದೆ.

ಕ್ರಾಂತಿ ಹುಟ್ಟಿದ್ದು ಬಸ್ಸಿನಲ್ಲಿ. ನನ್ನ ನೌಕರಿ ಧಾರವಾಡದಲ್ಲಿ. ಹೋಗುವಾಗ ಬರುವಾಗ ಕಿಟಕಿ ಬದಿಯ ಸೀಟು, ಕೈಯಲ್ಲಿ ಮೊಬೈಲು. ಒಂದು ದಿನ ಬೆಂಗಳೂರಿನ ಒಬ್ಬ ಮಹಾಶಯರ ವಿಡಿಯೊ ಬಂತು. ಬಿಳಿ ಲಿನನ್ ಅಂಗಿ, ಹಿಂದೆ ಬಿದಿರು ಗಿಡ. “ಶಾಲೆ ಒಂದು ಕಾರ್ಖಾನೆ. ಮಗುವನ್ನು ಕಾರ್ಖಾನೆಗೆ ಕಳಿಸುತ್ತೀರಾ?” ಅಂತ ಕೇಳಿದರು. ಕಬ್ಬಿನ ಸೀಮೆಯವನಾದ ನನಗೆ ಕಾರ್ಖಾನೆ ಅಂದರೆ ಏನಂತ ಚೆನ್ನಾಗಿ ಗೊತ್ತು. ಹಾಕಿದ್ದು ಸಿಹಿಯಾಗಿ ಹೊರಬರುತ್ತದೆ, ಹಾಕಿದವನಿಗೆ ಬಿಲ್ಲು ತಡವಾಗಿ ಬರುತ್ತದೆ. ಮಕ್ಕಳ ವಿಷಯದಲ್ಲೂ ಹಾಗೇ ಆದರೆ ಅಂತ ಎದೆ ಝಲ್ಲೆಂದಿತು. ತೇಗೂರು ದಾಟುವ ಹೊತ್ತಿಗೆ ನಿರ್ಧಾರ ಮಾಡಿಬಿಟ್ಟೆ.

ಮನೆಗೆ ಬಂದು ಹೇಳಿದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ.

“ಯಾರು ಕಲಸಾವ್ರು?”

“ನಾವು.”

“ನಾವು ಅಂದ್ರ ಯಾರ್ರೀ?”

ಅದು ವ್ಯಾಕರಣದ ಪ್ರಶ್ನೆ ಅಂದುಕೊಂಡು ಸುಮ್ಮನಾದೆ. ಆಮೇಲೆ ತಿಳಿಯಿತು, ಅದು ಆಡಳಿತದ ಪ್ರಶ್ನೆ. ನಮ್ಮ ಮನಿ ಸಾಲಿಯಲ್ಲಿ ಹೆಡ್ ಮಾಸ್ತರ ನಾನು. ಉಳಿದ ಸಿಬ್ಬಂದಿ, ಅಂದರೆ ನಾಲ್ಕು ವಿಷಯದ ಶಿಕ್ಷಕರು, ಅಡುಗೆಯವರು, ಸಿಪಾಯಿ, ಗಂಟೆ ಹೊಡೆಯುವವರು, ಎಲ್ಲಾ ಅವಳು.

ಕಾನೂನನ್ನು ನೋಡದೆ ಕೈ ಹಾಕುವವನಲ್ಲ ನಾನು. 2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ಓದಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಉಚಿತ, ಕಡ್ಡಾಯ ಶಿಕ್ಷಣ. ಕಡ್ಡಾಯ ಯಾರ ಮೇಲೆ? ಸರ್ಕಾರದ ಮೇಲೆ. 10ನೇ ಕಲಮಿನಲ್ಲಿ ಮಾತ್ರ, ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ-ತಾಯಿಯ ಕರ್ತವ್ಯ ಅಂತಿದೆ. ಸೇರಿಸದಿದ್ದರೆ ಏನು ದಂಡ ಅಂತ ಕಾಯ್ದೆಯ ತುಂಬ ಹುಡುಕಿದೆ, ಎಲ್ಲೂ ಇಲ್ಲ. ದಂಡವಿಲ್ಲದ ಕರ್ತವ್ಯವನ್ನು ನಮ್ಮ ದೇಶದಲ್ಲಿ ಸಲಹೆ ಅಂತ ಓದಿಕೊಳ್ಳುವುದು ರೂಢಿ. ಮುಂದೆ ಪರೀಕ್ಷೆಗೆ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, ಹದಿನಾಲ್ಕು ತುಂಬಿದರೆ ಹತ್ತನೇ ಇಯತ್ತೆಗೆ ಅಲ್ಲಿಂದಲೇ ಕೂಡಬಹುದು. ನಮ್ಮ ದೊಡ್ಡವಳಿಗೆ ಒಂಬತ್ತು, ನಡುವಿನವನಿಗೆ ಏಳು, ಸಣ್ಣವನಿಗೆ ನಾಲ್ಕು. ಐದು ವರ್ಷ ನಿಶ್ಚಿಂತೆ.

ಊರಿನವರಿಗೆ ಇದು ಅರ್ಥವಾಗಲಿಲ್ಲ. ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, “ಫೀ ಕಟ್ಟಾಕ ಆಗವಲ್ದೇನು? ಕೈಗಡ ಬೇಕಾದ್ರ ಹೇಳು” ಅಂದರು. ನಾನು ತತ್ವ ಹೇಳಿದೆ. ಅವರು ಕೇಳಿ, “ಇರ್ಲಿ, ಹೇಳಾಕ ನಾಚಿಕಿ ಬರ್ತೈತಿ” ಅಂತ ಎದ್ದರು. ಸಂಪಗಾಂವಿಯ ನಮ್ಮ ಮಾವ ಫೋನು ಮಾಡಿ, ಮೂರೂ ಮಕ್ಕಳಿಗೆ ಒಟ್ಟಿಗೆ ಏನು ಬ್ಯಾನಿ ಬಂತು ಅಂತ ಕೇಳಿದರು.

ಈಗ ದಿನಚರಿ. ನಾನು ಬಣ್ಣದ ಹಾಳೆಯ ಮೇಲೆ ವೇಳಾಪಟ್ಟಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಎಂಟಕ್ಕೆ ಮೌನ, ಎಂಟೂವರೆಗೆ ಪ್ರಕೃತಿ ವೀಕ್ಷಣೆ, ಒಂಬತ್ತಕ್ಕೆ ಗಣಿತ, ಹತ್ತಕ್ಕೆ ‘ಮಗುವಿನ ಆಯ್ಕೆ’. ಎಂಟಕ್ಕೆ ಮೌನ ಖಂಡಿತ ಇರುತ್ತಿತ್ತು, ಏಕೆಂದರೆ ಏಳೂವರೆಗೇ ನಾನು ಬಸ್ಸು ಹತ್ತಿರುತ್ತಿದ್ದೆ.

ಮಗುವಿನ ಆಯ್ಕೆ ಹತ್ತಕ್ಕೆ ಶುರುವಾಗುತ್ತಿತ್ತು, ತಾಯಿಯ ಆಯ್ಕೆ ಬೆಳಗಿನ ಐದಕ್ಕೇ. ನಡುವಿನವನ ಒತ್ತಕ್ಷರ ತಿದ್ದಬೇಕೋ, ಹಂಚಿನ ಮೇಲಿನ ರೊಟ್ಟಿ ತಿರುವಬೇಕೋ? ದೊಡ್ಡವಳಿಗೆ ಭಾಗಾಕಾರ ಹೇಳಬೇಕೋ, ನಳ ಬಂದಿರುವಾಗ ಕೊಡ ತುಂಬಬೇಕೋ? ಸಣ್ಣವ ಸುಮ್ಮನಿದ್ದಾನೆ. ಸಂತೋಷಪಡಬೇಕೋ, ಎಲ್ಲಿದ್ದಾನೆಂದು ಓಡಬೇಕೋ? ಮೊಬೈಲು ಒಂದೇ. ಅದನ್ನು ವಿಜ್ಞಾನದ ವಿಡಿಯೊಕ್ಕೆ ದೊಡ್ಡವಳಿಗೆ ಕೊಟ್ಟರೆ ಉಳಿದಿಬ್ಬರು ಅಳುತ್ತಾರೆ, ಯಾರಿಗೂ ಕೊಡದಿದ್ದರೆ ಮೂವರೂ ಅಳುತ್ತಾರೆ, ಮೂವರಿಗೂ ಕೊಟ್ಟರೆ ಮೊಬೈಲೇ ಅಳುತ್ತದೆ. ಇದಕ್ಕೆ ನಾನು ‘ಬಹುಹಂತದ ಕಲಿಕೆ’ ಅಂತ ಹೆಸರಿಟ್ಟಿದ್ದೆ, ನನ್ನದೇ ಶೋಧ ಅಂತ ಹೆಮ್ಮೆಯೂ ಇತ್ತು. ಒಂದು ಕೋಣೆ, ಮೂರು ಇಯತ್ತೆ, ಒಬ್ಬರೇ ಅಕ್ಕೋರು, ಇದನ್ನೇ ಸರ್ಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಅಂತಾರೆ ಅಂತ ಯಾರೋ ಹೇಳಿದ ಮೇಲೆ ಸ್ವಲ್ಪ ಬೇಜಾರಾಯಿತು. ಎಚ್.ಡಿ. ಕೋಟೆಯಲ್ಲಿ 1995ರಲ್ಲೇ ಶುರುವಾದದ್ದಂತೆ. ನಾನು ಯಾವುದರಿಂದ ಮಕ್ಕಳನ್ನು ಬಿಡಿಸಿ ತಂದಿದ್ದೆನೋ ಅದೇ ನನ್ನ ಅಡುಗೆಮನೆಯಲ್ಲಿ ನಡೆದಿತ್ತು, ಪಗಾರ ಇಲ್ಲದೆ.

ಸಂಜೆ ಏಳಕ್ಕೆ ಹೆಡ್ ಮಾಸ್ತರರ ತಪಾಸಣೆ. ಚಹಾ ಕುಡಿಯುತ್ತ ಕೇಳುತ್ತಿದ್ದೆ, “ಇವತ್ತು ಮಕ್ಕಳು ಏನು ಅನ್ವೇಷಣೆ ಮಾಡಿದ್ರು?”

“ಸಣ್ಣಾವ ಶೇಂಗಾ ಎಣ್ಣಿ ಡಬ್ಬಿ ಅನ್ವೇಷಣಾ ಮಾಡ್ದ.”

“ಎಷ್ಟು?”

“ಎರಡ ಕೇಜಿ.”

2020ರ ಮಾರ್ಚಿನಲ್ಲಿ ಸರ್ಕಾರವೇ ಇಡೀ ರಾಜ್ಯವನ್ನು ಮನಿ ಸಾಲಿ ಮಾಡಿದ್ದು ನೆನಪಿರಬೇಕು. ಆಗ ಎಲ್ಲ ಅಪ್ಪಂದಿರೂ ಮನೆಯಲ್ಲಿದ್ದೆವು, ಯಾರಿಗೂ ಮನೆಯಲ್ಲಿ ಕಲಿಸುವ ತತ್ವ ಹೊಳೆಯಲಿಲ್ಲ. ಶಾಲೆ ಯಾವಾಗ ತೆಗೀತಾರೆ ಅಂತ ದಿನಕ್ಕೆ ನಾಲ್ಕು ಸಲ ವಾಟ್ಸಾಪು ನೋಡುತ್ತಿದ್ದೆವು. ಮಾಸ್ತರುಗಳು ‘ವಿದ್ಯಾಗಮ’ ಅಂತ ಗುಡಿಯ ಕಟ್ಟೆ, ಬೇವಿನ ನೆರಳು ಹುಡುಕಿಕೊಂಡು ಓಣಿ ಓಣಿಗೆ ಬಂದು ಕಲಿಸಿದರು. ಸೋಂಕಿಗೆ ಅಂಜಿ ಅದನ್ನೂ ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯಿತು. ಮನಿ ಸಾಲಿಯ ತತ್ವಕ್ಕೆ ಒಂದು ಲಕ್ಷಣವಿದೆ. ಅಪ್ಪ ಆಫೀಸಿಗೆ ಹೋದಾಗ ಮಾತ್ರ ಅದು ಮನೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ.

ರವಿವಾರ ನಾನೇ ಪಾಠ ಮಾಡುತ್ತಿದ್ದೆ. ಬದುಕಿನಿಂದ ಗಣಿತ ಕಲಿಸಬೇಕು ಅಂತ ಬಿಳಿ ಅಂಗಿಯವರು ಹೇಳಿದ್ದರು. ನಮ್ಮ ಬದುಕಂದರೆ ಕಬ್ಬು. ದೊಡ್ಡವಳನ್ನು ಕೂಡಿಸಿಕೊಂಡು ಹೇಳಿದೆ: 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್ ಕಬ್ಬಿಗೆ 355 ರೂಪಾಯಿ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಮಾಡಿದೆ, ಅದು ಸಕ್ಕರೆ ಇಳುವರಿ ನೂರಕ್ಕೆ 10.25 ಇದ್ದರೆ. ಇಳುವರಿ 0.1 ಏರಿದರೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಹಾಗಾದರೆ ಟನ್ನಿಗೆ ಎಷ್ಟು?

“3,550,” ಅಂದಳು, ಬೆರಳು ಮಡಚದೆ.

ಭೇಷ್ ಅಂದೆ. ಅವಳು ಗೋಡೆ ನೋಡುತ್ತ ಕೂತಳು. ನಂತರ ಕೇಳಿದಳು, “ಅಪ್ಪಾ, ಗುರ್ಲಾಪುರ ಕ್ರಾಸಿನಾಗ ಕಬ್ಬಿನ ರೈತರು ಟನ್ನಿಗೆ ಎಷ್ಟ ಬೇಕಂತ ಧರಣಿ ಕೂತಿದ್ರು?”

“3,500.”

“ಸರ್ಕಾರ 3,550 ಅಂತ ಹೇಳೇತಿ. ಮತ್ತ 50 ರೂಪಾಯಿ ಕಡಿಮಿ ಕೊಡ್ರಿ ಅಂತ ಯಾರರೆ ರಸ್ತೆದಾಗ ಕುಂಡ್ರತಾರೇನು?”

ಕಟಾವು, ಸಾಗಾಟ, ತೂಕ, ವಜಾ ಎಂದು ಅರ್ಧ ಗಂಟೆ ಹೇಳಿದೆ. ಅವಳು ಪಾಟಿಯ ಮೇಲೆ ಕಳೆಯುತ್ತಲೇ ಹೋದಳು. ಒಂದು ಹಂತದಲ್ಲಿ ಪಾಟಿಯ ಜಾಗ ಮುಗಿಯಿತು, ವಜಾ ಮುಗಿಯಲಿಲ್ಲ. ಗಣಿತದ ಪಾಠವನ್ನು ಅಲ್ಲಿಗೆ ಬರಖಾಸ್ತು ಮಾಡಿ, ಬದುಕಿನಿಂದ ದೂರವಿರುವ ಯಾವುದಾದರೂ ವಿಷಯ ತೆಗೆಯೋಣ ಅಂತ ಇತಿಹಾಸಕ್ಕೆ ಬಂದೆ.

ಇತಿಹಾಸಕ್ಕೆ ನಮ್ಮೂರಲ್ಲಿ ಪುಸ್ತಕ ಬೇಕಿಲ್ಲ. ಮಲಪ್ರಭೆಯ ಹೊಳೆಯಲ್ಲೇ ಗಂಗಾಂಬಿಕೆಯ ಐಕ್ಯ ಮಂಟಪವಿದೆ. ಕಲ್ಯಾಣದ ಗದ್ದಲದ ನಂತರ ಶರಣರು ಉಳವಿಯ ಕಡೆಗೆ ಹೊರಟಾಗ ಬಸವಣ್ಣನವರ ಮಡದಿ ಇಲ್ಲೇ ಐಕ್ಯವಾದರು ಅಂತ ಈ ಭಾಗದ ನಂಬಿಕೆ. ಮೂರೂ ಮಕ್ಕಳನ್ನು, ಜೊತೆಗೆ ಸಿಬ್ಬಂದಿಯನ್ನೂ, ದಂಡೆಗೆ ಕರೆದೊಯ್ದು ನಿಂತು ಮಾತಾಡಿದೆ. ಅನುಭವ ಮಂಟಪದಲ್ಲಿ ಹಾಜರಿ ಪುಸ್ತಕ ಇರಲಿಲ್ಲ, ಯುನಿಫಾರ್ಮ್ ಇರಲಿಲ್ಲ, ಪರೀಕ್ಷೆ ಇರಲಿಲ್ಲ, ಕೂತು ಮಾತಾಡಿ ಕಲಿತರು, ಅದೇ ನಿಜವಾದ ಮುಕ್ತ ಶಿಕ್ಷಣ ಅಂದೆ. ಗಾಳಿ ಚೆನ್ನಾಗಿತ್ತು, ಮಾತು ಇನ್ನೂ ಚೆನ್ನಾಗಿ ಬರುತ್ತಿತ್ತು.

ಹೆಂಡತಿ ಸಣ್ಣವನ ರಟ್ಟೆ ಹಿಡಿದುಕೊಂಡು ನಿಂತಿದ್ದಳು, ನೀರಿಗೆ ಹೋಗದಂತೆ. “ಅಲ್ಲಿ ದಾಸೋಹದ ಅಡಗಿ ಮಾಡಾಕ ಬ್ಯಾರೆ ಮಂದಿ ಇದ್ರರೀ,” ಅಂದಳು. “ಮಾತಾಡಾವ್ರು ಮಾತಾಡಿದ್ರು.”

ಅಧ್ಯಾಪಕ ವರ್ಗದಲ್ಲಿ ಅಶಿಸ್ತು ಕಾಣಿಸಿಕೊಂಡದ್ದು ಅದೇ ಮೊದಲು.

ನಮ್ಮ ಸಾಲಿಯಲ್ಲಿ ನಿಜವಾಗಿ ಕಲಿಸುತ್ತಿದ್ದವಳು ಇನ್ನೊಬ್ಬಳಿದ್ದಳು, ನೇಮಕಾತಿ ಆದೇಶ ಇಲ್ಲದವಳು. ನಮ್ಮ ಆಯಿ. ಕನ್ನಡ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಅವಳ ಅಪ್ಪ ಗಾಂವಠಿ ಸಾಲಿಯಲ್ಲಿ ಐಗಳ ಮುಂದೆ ಕೂತು, ಹಲಿಗೆಯ ಮೇಲೆ ಧೂಳು ಹರವಿ ಬೆರಳಿಂದ ಅಕ್ಷರ ತಿದ್ದಿದವನು. ಪಾವಕಿ, ನಿಮಕಿ, ಸವಾಯಕಿ, ದೀಡಕಿ, ಅಂದರೆ ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಮಗ್ಗಿಗಳು, ಅಪ್ಪನ ಬಾಯಿಂದ ಮಗಳ ಬಾಯಿಗೆ ಬಂದಿದ್ದವು. ಆಯಿ ಶೇಂಗಾ ಸುಲಿಯುತ್ತ, ರಾಗವಾಗಿ, “ಒಂದ ನಿಮ್ಮ ಅರ್ಧ, ಎರಡ ನಿಮ್ಮ ಒಂದ, ಮೂರ ನಿಮ್ಮ ದೀಡ” ಅಂತ ಹೇಳಿಸುತ್ತಿದ್ದಳು. ಸುಲಿದ ಶೇಂಗಾ ಬೀಜ ಎರಡಾಗುತ್ತದಲ್ಲ, ಅದೇ ಅವಳ ಪಾಠೋಪಕರಣ. ಇದು ಬಾಯಿಪಾಠ, ಮಗುವಿನ ಸೃಜನಶೀಲತೆ ಸಾಯುತ್ತದೆ ಅಂತ ನಾನು ಆಕ್ಷೇಪ ಎತ್ತಿದೆ. “ಸಾಯೂದಿಲ್ಲ ಬಿಡೊ, ನೀ ಸತ್ತಿಯೇನು?” ಅಂದಳು. ನನಗೂ ಅವಳೇ ಹೇಳಿಸಿದ್ದಳು. ಮರೆತೇಹೋಗಿತ್ತು.

ಡಿಸೆಂಬರ್ ಹೊತ್ತಿಗೆ ಕಬ್ಬಿನ ಸೀಜನ್ ಜೋರಾಯಿತು. ನಮ್ಮ ಹಿತ್ತಲ ಆಚೆ ಹೊಲವಿದೆ. ಅಲ್ಲಿಗೆ ಮಹಾರಾಷ್ಟ್ರದ ಕಡೆಯ ಕಬ್ಬು ಕಡಿಯುವ ಒಂದು ಗ್ಯಾಂಗ್ ಬಂದು ಜೋಪಡಿ ಹಾಕಿತು. ಈ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಇಬ್ಬರು ಮನುಷ್ಯರನ್ನು ಒಂದು ಕುಡುಗೋಲಿನ ಹೆಸರಿನಿಂದ ಎಣಿಸುವುದು. ಮುಂಗಡ ಗ್ಯಾಂಗಿನ ಮುಕಾದಮನಿಂದ ಮೊದಲೇ ಬಂದಿರುತ್ತದೆ, ತೀರಿಸಲು ನಸುಕಿನಲ್ಲೇ ಹೊಲಕ್ಕೆ ಇಳಿಯುತ್ತಾರೆ. ಮಕ್ಕಳನ್ನು ಊರಲ್ಲಿ ಬಿಟ್ಟು ಬರಲು ಯಾರೂ ಇಲ್ಲದವರು ಜೊತೆಗೆ ಕರೆತಂದಿರುತ್ತಾರೆ. ಒಬ್ಬ ಹುಡುಗಿ, ನಮ್ಮ ದೊಡ್ಡವಳ ಓರಗೆಯವಳು, ಸೊಂಟದ ಮೇಲೆ ತಮ್ಮನನ್ನು ಏರಿಸಿಕೊಂಡು ರವದಿ ಸರಿಸುತ್ತಿದ್ದಳು, ಕಟ್ಟಿದ ಹೊರೆಗಳನ್ನು ಎಣಿಸುತ್ತಿದ್ದಳು, ಸಂಜೆಗೆ ಮೂರು ಕಲ್ಲಿಟ್ಟು ಒಲೆ ಹೊತ್ತಿಸುತ್ತಿದ್ದಳು.

ನಮ್ಮವಳು ಹಿತ್ತಲ ಬೇಲಿಗೆ ನಿಂತು ಎರಡು ದಿನ ನೋಡಿದಳು. ಮೂರನೇ ದಿನ ಕೇಳಿದಳು.

“ಅಪ್ಪಾ, ಅಕಿನೂ ಮನಿ ಸಾಲೀನ?”

ನಾನು ಕೆಮ್ಮಿದೆ.

“ಮತ್ತ ಅಕಿ ಹೆಡ್ ಮಾಸ್ತರ ಯಾರು?”

ನೋಡಿ, ನನ್ನ ವೇಳಾಪಟ್ಟಿಯಲ್ಲಿ ಬರೆದದ್ದೆಲ್ಲ ಆ ಹುಡುಗಿಯ ದಿನದಲ್ಲಿ ತಪ್ಪದೆ ನಡೆಯುತ್ತಿತ್ತು. ಪ್ರಕೃತಿ ವೀಕ್ಷಣೆ ನಸುಕಿನಿಂದ ಕತ್ತಲವರೆಗೆ. ಬದುಕಿನಿಂದ ಗಣಿತ, ಹೊರೆ ಎಣಿಸಿ. ಅಡುಗೆಯ ಮೂಲಕ ವಿಜ್ಞಾನ. ಎರಡು ಭಾಷೆ, ಒಂದು ಅವ್ವ-ಅಪ್ಪನದು, ಇನ್ನೊಂದು ಅಂಗಡಿಯಲ್ಲಿ ಉಪ್ಪು ಕೇಳಿ ಕೇಳಿ ಬಂದದ್ದು. ವಯಸ್ಸಿನ ಭೇದವಿಲ್ಲದ ಕಲಿಕೆ, ಸೊಂಟದ ಮೇಲೆ. ಬೆಂಗಳೂರಿನ ಲಿನನ್ ಅಂಗಿಯವರು ತಿಂಗಳಿಗೆ ಇಷ್ಟೆಂದು ಕಟ್ಟಿಸಿಕೊಂಡು ಶಿಬಿರದಲ್ಲಿ ಕಲಿಸುವುದು ಇದನ್ನೇ. ವ್ಯತ್ಯಾಸ ಒಂದೇ. ನನ್ನ ಮಗಳು ಶಾಲೆಗೆ ಹೋಗದಿದ್ದರೆ ಅದಕ್ಕೆ ‘ಪರ್ಯಾಯ ಶಿಕ್ಷಣ’ ಅಂತ ಹೆಸರು. ಆ ಹುಡುಗಿ ಹೋಗದಿದ್ದರೆ ‘ಶಾಲೆಯಿಂದ ಹೊರಗುಳಿದ ಮಗು’. ಇವಳ ಬಗ್ಗೆ ನಾನು ಭಾಷಣ ಮಾಡುತ್ತೇನೆ, ಅವಳ ಬಗ್ಗೆ ಸರ್ಕಾರ ಸಮೀಕ್ಷೆ ಮಾಡುತ್ತದೆ.

ಸಮೀಕ್ಷೆ ಬಂತು ಕೂಡ. ಕನ್ನಡ ಸಾಲಿಯ ಮಾಸ್ತರರೊಬ್ಬರು, ಬಗಲಲ್ಲಿ ಉದ್ದನೆಯ ರಜಿಸ್ಟರು, ಒಂದು ರವಿವಾರ ಮುಂಜಾನೆ ಬಂದರು. ರಜೆಯ ದಿನ ಯಾಕೆ ಸರ್ ಅಂದರೆ, “ಉಳಿದ ಆರು ದಿನ ಸಾಲ್ಯಾಗ ಇರಬೇಕಲ್ರಿ” ಅಂದರು. ಮೊದಲು ಹಿಂದಿನ ಜೋಪಡಿಗೆ ಹೋಗಿ ಹೆಸರು ಬರೆದುಕೊಂಡು, ನಂತರ ನಮ್ಮ ಪಡಸಾಲೆಗೆ ಬಂದರು. ಚಹಾ ಕೊಟ್ಟೆವು. ರಜಿಸ್ಟರು ತೆರೆದರು. ಒಂದೇ ಹಾಳೆ. ಮೇಲೆ ಜೋಪಡಿಯ ಹುಡುಗಿ, ಅವಳ ಕೆಳಗೆ ನಮ್ಮ ಇಬ್ಬರು.

“ಸರ್, ನಮ್ಮದು ಬ್ಯಾರೆ ಹಾಳಿ ಮಾಡ್ರಿ,” ಅಂದೆ.

“ಹಾಳಿ ಒಂದ ಐತ್ರಿ. ಕಾರಣ ಹೇಳ್ರಿ. ಬಡತನ, ವಲಸೆ, ಮನಿಗೆಲಸ, ಅನಾರೋಗ್ಯ, ಯಾವುದು ಬರೀಲಿ?”

ನಾನು ಮಗುವಿನ ಸ್ವಾತಂತ್ರ್ಯ, ಸಹಜ ಕಲಿಕೆ, ಕಾರ್ಖಾನೆ ಮಾದರಿಯ ವೈಫಲ್ಯ ಎಲ್ಲ ಹೇಳಿದೆ. ಮಾಸ್ತರರು ತಾಳ್ಮೆಯಿಂದ ಕೇಳಿದರು. ಕೇಳಿ, “ಇದಕ್ಕ ಕಾಲಂ ಇಲ್ರಿ” ಅಂದರು.

ಒಳಗಿನಿಂದ ದನಿ ಬಂತು. “ವಲಸೆ ಅಂತ ಬರೀರಿ ಸರ್. ಹುಡುಗರ ಅಪ್ಪ ದಿನಾ ಏಳೂವರಿಗೆ ಧಾರವಾಡಕ್ಕ ವಲಸೆ ಹೊಕ್ಕಾರ.”

ಆಯಿ ಶೇಂಗಾದ ಮೊರದೊಳಗೆ ಮುಖ ಹಾಕಿ ನಗುತ್ತಿದ್ದುದನ್ನು ನಾನು ನೋಡದಂತೆ ಇದ್ದೆ. ಮಾಸ್ತರರು ನಗಲಿಲ್ಲ. ಪೆನ್ನು ಎತ್ತಿಹಿಡಿದು, ಕಾಯ್ದೆಯ ಪ್ರಕಾರ ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಲೇಬೇಕು, ವಯಸ್ಸಿಗೆ ತಕ್ಕ ಇಯತ್ತೆಗೇ ಕೂಡಿಸಬೇಕು, ದೊಡ್ಡವಳು ನಾಲ್ಕನೆಯದು, ಹುಡುಗ ಎರಡನೆಯದು, ಸಣ್ಣವ ಅಂಗನವಾಡಿ ಅಂತ ಹೇಳಿದರು. ನಾನು ವಿಚಾರ ಮಾಡುತ್ತೇನೆ ಅಂದೆ. ಅವರು ನನ್ನನ್ನು ನೋಡಲಿಲ್ಲ, ಅಡುಗೆಮನೆಯ ಬಾಗಿಲು ನೋಡಿದರು. ನಂತರ ವೇಳಾಪಟ್ಟಿಯ ಬಣ್ಣದ ಹಾಳೆ ನೋಡಿದರು. “ಅಕ್ಷರ ಛಂದ ಅದಾವ್ರಿ” ಅಂತ ಹೇಳಿ ಹೋದರು.

ವಿಚಾರ ಮಾಡಲು ನನಗೆ ಸಮಯ ಬೇಕಿತ್ತು. ಏಕೆಂದರೆ ಅದೇ ಬುಧವಾರ ಧಾರವಾಡದಲ್ಲಿ ಗೆಳೆಯರ ಒಂದು ಬಳಗದ ಮುಂದೆ ‘ಆಯ್ಕೆಯೇ ಶಿಕ್ಷಣ’ ಅಂತ ನನ್ನ ಮಾತಿತ್ತು. ಚೆನ್ನಾಗಿ ಆಯಿತು. ಚಪ್ಪಾಳೆ ಬಂತು. ಒಬ್ಬರು ಎದ್ದುನಿಂತು, ಮೂರು ಮಕ್ಕಳಿಗೆ ಏಕಕಾಲಕ್ಕೆ ಕಲಿಸುವ ನಿಮ್ಮ ತಾಳ್ಮೆಯ ಗುಟ್ಟೇನು ಅಂತ ಕೇಳಿದರು. ಧ್ಯಾನ ಅಂತ ಹೇಳಿದೆ.

ಮನೆಗೆ ಬಂದಾಗ ರಾತ್ರಿ ಎಂಟೂವರೆ. ಅಡುಗೆಮನೆಯ ಬಾಗಿಲಲ್ಲಿ ವೇಳಾಪಟ್ಟಿ ಇರಲಿಲ್ಲ. ಅದನ್ನು ಮಡಚಿ ದೊಡ್ಡವಳ ಹೊಸ ನೋಟುಬುಕ್ಕಿಗೆ ರಟ್ಟು ಹಾಕಲಾಗಿತ್ತು. ಕಪಾಟಿನ ಮೇಲೆ ಮೂರು ಆಧಾರ್ ಕಾರ್ಡುಗಳು ಹೊರಗೆ ಬಿದ್ದಿದ್ದವು. ಹೆಂಡತಿ ಮಲಗಿದ್ದಳು, ಎಂಟೂವರೆಗೇ. ಮದುವೆಯಾದ ಮೇಲೆ ಆ ಹೊತ್ತಿಗೆ ಅವಳು ಮಲಗಿದ್ದನ್ನು ನಾನು ಕಂಡಿರಲಿಲ್ಲ.

ದೊಡ್ಡವಳು ಆಯಿಯ ಪಕ್ಕ ಕೂತಿದ್ದಳು. ದನಿ ತಗ್ಗಿಸಿ ಕೇಳಿದೆ, “ಏನು ಕಲಿಸಿದ್ರು?”

“ಇನ್ನೂ ಏನೂ ಇಲ್ಲ. ಊಟಕ್ಕ ಅಕ್ಕೋರು ಕೇಳಿದ್ರು, ಮೊಟ್ಟಿ ಯಾರಿಗೆ, ಬಾಳಿಹಣ್ಣು ಯಾರಿಗೆ ಅಂತ. ಕೈ ಎತ್ತಬೇಕು. ವಾರದಾಗ ಆರೂ ದಿನಾ ಕೇಳ್ತಾರಂತ.”

ಆಯ್ಕೆ ಎಂಬ ಶಬ್ದವನ್ನು ಅಂದು ಮಧ್ಯಾಹ್ನ ನಾನು ಎಷ್ಟು ಸಲ ಬಳಸಿದ್ದೆನೋ ಲೆಕ್ಕವಿಲ್ಲ.

“ಗ್ಯಾಂಗಿನ ಹುಡುಗಿನೂ ಬಂದಿದ್ಲಪ್ಪಾ. ತಮ್ಮನ್ನ ಎತಗೊಂಡ ಬಂದಿದ್ಲು. ಎರಡ ಮೊಟ್ಟಿ ಕೇಳಿದ್ಲು.”

“ಕೊಟ್ರಾ?”

“ಹೆಂಗ ಕೊಡ್ತಾರ? ತಮ್ಮನ ಹೆಸರ ಹಾಜರಿಯಾಗ ಇಲ್ಲಲ್ಲ. ಎಣಿಸೇ ತಂದಿರ್ತಾರ.”

“ಮತ್ತ?”

“ಪರಕರದ ಅಂಚಿನ್ದ ಒಂದ ದಾರ ಎಳದ್ಲು. ಮೊಟ್ಟಿ ಸುತ್ತ ಸುತ್ತಿ ಹಿಂಗ ಜಗ್ಗಿದ್ಲು ನೋಡು. ಸರಿ ನಡಕ ಎರಡಾತು, ಹಳದಿ ಸೈತ. ಒಂದ ಚೂರ ಕೆಳಗ ಬೀಳಲಿಲ್ಲ.” ಅವಳು ಆಯಿಯ ಕಡೆ ತಿರುಗಿ ಎರಡು ಬೆರಳು ತೋರಿಸಿದಳು. “ಒಂದ ನಿಮ್ಮ ಅರ್ಧ.”